ಹಗುರಾದ ಮೋಟಾರು

ಒಂದು ವಸ್ತು ಬೇಕಾದಷ್ಟು ಸಿಗುವಾಗ ಮನುಷ್ಯ ಅದರ ಬಗ್ಗೆ ಯೋಚಿಸುವುದೇ ಇಲ್ಲ. ಸಿಗದಿದ್ದಾಗ ಬೇರೆ ಏನನ್ನೂ ಯೋಚಿಸುವುದಿಲ್ಲ. ಯುದ್ಧ ಶುರುವಾಗಿ ಪೆಟ್ರೋಲು ಕೂಪನ್ನಿನ ಮೇಲೆ ಸಿಗತೊಡಗಿದಾಗ ನನಗೂ ಹಾಗೇ ಆಯಿತು. ಆಳಂದದಲ್ಲಿ ವಕೀಲಿ ಮಾಡುತ್ತಿದ್ದ ನನ್ನ ಹತ್ತಿರ ಒಂದು ಹಳೆಯ ಮೋಟಾರಿತ್ತು. ಅದು ಕುಡಿಯುವ ಎಣ್ಣೆಯನ್ನು ಕಡಿಮೆ ಮಾಡುವುದೇ ನನ್ನ ವೇದಾಂತವಾಗಿಬಿಟ್ಟಿತು. ಇಳಿಜಾರು ಬಂದರೆ ಎಂಜಿನ್ ಬಂದ್ ಮಾಡುತ್ತಿದ್ದೆ. ಬೆಳಗಾಗೆದ್ದು ಎಣ್ಣೆಯ ಟಾಕಿಯೊಳಗೆ ಬೇವಿನ ಕಡ್ಡಿ ಇಳಿಸಿ, ಎಷ್ಟು ಒದ್ದೆಯಾಗಿದೆ ಎಂದು ನೋಡದೆ ಚಹಾ ಮುಟ್ಟುತ್ತಿರಲಿಲ್ಲ. ಕೊನೆಗೆ ಭಾರವೇ ಎಲ್ಲ ಅನರ್ಥಕ್ಕೂ ಮೂಲವೆಂಬ ಜ್ಞಾನೋದಯವಾಗಿ, ಹಿಂದಿನ ಸೀಟಿನ ಮೆತ್ತೆಯನ್ನು ಬಿಚ್ಚಿ ಅಟ್ಟಕ್ಕೆ ಹಾಕಿದೆ. "ಬಾಗಿಲಾನೂ ಬಿಚ್ಚಿಬಿಡ್ರಿ, ಇನ್ನಷ್ಟು ಹಗುರ ಆಗ್ತದ" ಎಂದಳು ಹೆಂಡತಿ. ಅವಳದು ಚೇಷ್ಟೆ ಎಂದು ಹೊಳೆಯುವಷ್ಟರಲ್ಲಿ ನಾನು ಬಾಗಿಲಿನ ತೂಕವನ್ನು ಎತ್ತಿ ನೋಡುತ್ತಿದ್ದೆ.

ಅಷ್ಟರಲ್ಲಿ ನಾಗರ ಪಂಚಮಿ ಬಂತು. ನಮ್ಮ ಕಡೆ ಪಂಚಮಿಗೆ ಅಣ್ಣನೋ ತಮ್ಮನೋ ಹೋಗಿ ಕರೆಯದೆ ಹೆಣ್ಣುಮಗಳು ತವರಿಗೆ ಬರುವುದಿಲ್ಲ. ನನ್ನ ಒಬ್ಬಳೇ ಅಕ್ಕ ಗೊಬ್ಬೂರಿನಲ್ಲಿದ್ದಳು. ತಾಯಿ ಇಲ್ಲದ ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು. ಹಿಂದಿನ ವರ್ಷ ಕೋರ್ಟಿನ ನೆಪ ಹೇಳಿ ನಾನು ಹೋಗಿರಲಿಲ್ಲ. ಅಕ್ಕ ದಿನವಿಡೀ ಹೊರಬಾಗಿಲಲ್ಲೇ ಕೂತಿದ್ದಳೆಂದು ಆಮೇಲೆ ತಿಳಿಯಿತು. ಈ ಸಲ ತಪ್ಪಿದರೆ ಅವಳಿಗೆ ಮುಖ ತೋರಿಸುವಂತಿರಲಿಲ್ಲ. ಕಡ್ಡಿ ಇಳಿಸಿದೆ. ಭಾರವಿಲ್ಲದಿದ್ದರೆ ಹೋಗಿ ಬಂದು ಕೊಂಚ ಉಳಿಯುವಷ್ಟು ಎಣ್ಣೆ ಇತ್ತು.

ಹಬ್ಬ ಇನ್ನೂ ಎರಡು ದಿನ ಇರುವಾಗಲೇ ಹೋದೆ. ಅಕ್ಕ ಇಲಕಲ್ ಸೀರೆ ಉಟ್ಟು ತಯಾರಾಗಿದ್ದಳು. ಜೊತೆಗೆ ಜೋಳದ ಅರಳು ಬೀಸಿದ ಅಳ್ಳಿಟ್ಟಿನ ಡಬ್ಬಿ, ಶೇಂಗಾ ಉಂಡಿಯ ಬುಟ್ಟಿ, ಕಡಕ್ ರೊಟ್ಟಿಯ ಗಂಟು, ಹೊಲದ ಹೆಸರುಕಾಳಿನ ಚೀಲ. ಎಲ್ಲವನ್ನೂ ಹೇರಿ, ಮೆತ್ತೆಯಿಲ್ಲದ ಹಲಗೆಯ ಮೇಲೆ ಕೂತಳು. ನಾನು ತಡೆಯಲಾರದೆ ಹೇಳಿದೆ: "ಅಕ್ಕಾ, ಇಷ್ಟು ಹೇರಿದ್ರ ಎಣ್ಣಿ ನಡುದಾರ್ಯಾಗ ತೀರ್ತದ. ಆ ಚೀಲ ಇಳಸು." ಇಳಿಸಿದಳು. "ರೊಟ್ಟಿ ಗಂಟು?" ಅದನ್ನೂ ಇಳಿಸಿದಳು, ಡಬ್ಬಿಯನ್ನೂ ಇಳಿಸಿದಳು. ನನ್ನ ಕಣ್ಣು ಉಂಡಿಯ ಬುಟ್ಟಿಯ ಮೇಲೆ ಬಿದ್ದಾಗ ಅದನ್ನೆತ್ತಿ ನನ್ನ ಮಗ್ಗುಲಿಗಿಟ್ಟು, ತಾನೇ ಇಳಿದುಬಿಟ್ಟಳು.

"ಉಂಡಿ ಹುಡುಗರಿಗೆ ಒಯ್ಯಿ ತಮ್ಮಾ. ಇವೆಲ್ಲಾಕ್ಕಿಂತ ನಾನೇ ಭಾರ ಆಗೇನಿ ನಿನಗ."

ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡವಳು ಎಷ್ಟು ಕರೆದರೂ ಬರಲಿಲ್ಲ. "ಈಗ ಹೋಗ್ರಿ, ಆಕಿ ಹಟ ನಿಮಗ ಗೊತ್ತದಲ್ಲ" ಎಂದರು ಅಕ್ಕನ ಗಂಡ.

ಮೋಟಾರು ಅಂದಿನಷ್ಟು ಹಗುರಾಗಿ ಎಂದೂ ಓಡಿರಲಿಲ್ಲ. ಮನೆಯ ಮುಂದೆ ನಿಲ್ಲಿಸಿದರೆ ಮಕ್ಕಳು "ಅತ್ತಿ ಎಲ್ಲಿ?" ಎನ್ನುತ್ತ ಓಡಿ ಬಂದರು. ನಾನು ನಾಚಿಕೆಗೆಟ್ಟವನು, ರೂಢಿಯಂತೆ ಕಡ್ಡಿ ಇಳಿಸಿದೆ. ಹೆಂಡತಿ ಬುಟ್ಟಿ ನೋಡಿದಳು, ಖಾಲಿ ಹಲಗೆ ನೋಡಿದಳು.

"ಎಣ್ಣಿ ಉಳೀತೇನ್ರಿ?"

"ಉಳೀತು."

"ಹಾಂಗಾದ್ರ ನಾಗಪ್ಪಗ ಹಾಲಿನ ಬದ್ಲಿ ಅದನ್ನ ಎರೀರಿ."

ಮರುದಿನ ನಸುಕಿನಲ್ಲೇ ಮತ್ತೆ ಗೊಬ್ಬೂರಿಗೆ ಹೊರಟೆ. ಉಳಿಸಿದ ಎಣ್ಣೆ ಸರಿಯಾಗಿ ಊರ ಅಗಸೆಬಾಗಿಲ ತನಕ ತಂದು ಬಿಟ್ಟಿತು. ಅಲ್ಲಿಂದ ನಡೆದುಹೋಗಿ ಅಕ್ಕನ ಬಾಗಿಲಲ್ಲಿ ನಿಂತೆ. "ಅಕ್ಕಾ, ತಪ್ಪಾತು. ಎಣ್ಣಿ ಪೂರಾ ತೀರೇದ. ಇನ್ನ ನೀ ಕರಕೊಂಡು ಹೋದ್ರ ನಾ ಊರು ಕಾಣ್ತೇನಿ, ಇಲ್ಲಾಂದ್ರ ಇಲ್ಲೇ ಬೀಳ್ತೇನಿ." ಅಕ್ಕ ಸೆರಗು ಬಾಯಿಗೆ ಹಿಡಿದು ನಕ್ಕಳು. ನನಗೆ ಅಳುವೇ ಬಂತು.

ಅಕ್ಕನ ಗಂಡ ಬಂಡಿ ಹೂಡಿದರು. ನಿನ್ನೆ ಇಳಿಸಿದ್ದೆಲ್ಲ ಹತ್ತಿತು, ಮೇಲೆ ಎರಡು ಕುಂಬಳಕಾಯಿ ಬೇರೆ. ಊರು ದಾಟಿ ಮೊದಲನೆಯ ಏರು ಬಂತು. ಎರೆಮಣ್ಣಿನಲ್ಲಿ ಎತ್ತುಗಳು ಏದುಸಿರು ಬಿಟ್ಟು ನಿಂತವು. ಅಕ್ಕ ಗಂಟುಗಳನ್ನು ಒಂದೊಂದಾಗಿ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ತಮ್ಮಾ, ಎತ್ತಿಗಿ ಭಾರ ಆಗಾಕತ್ತದ. ಇಳಿ."

ಇಳಿದೆ.