ಕೊಡಗಿನಲ್ಲಿ ನಿರುದ್ಯೋಗ ಕಾಣದ ತಜ್ಞರಿಗೆ

ಗಾಳಿಬೀಡು, ಡಿಸೆಂಬರ್ ೧೯೫೪

ಮಾನ್ಯರೇ,

ಹಡಗು ಹತ್ತಿ, ರೈಲು ಹತ್ತಿ, ಕೊನೆಗೆ ಜೀಪು ಹತ್ತಿ ನಮ್ಮ ಪುಟ್ಟ ಕೊಡಗು ರಾಜ್ಯದವರೆಗೂ ದಯಮಾಡಿಸಿದ ತಮಗೆ, ಇಲ್ಲಿನ ಶಾಲೆಯ ಮೇಷ್ಟ್ರೂ ತಮ್ಮ ಒಂದು ದಿನದ ದುಭಾಷಿಯೂ ಆಗಿದ್ದ ಪದ್ಮಯ್ಯನ ಅನಂತ ನಮಸ್ಕಾರಗಳು.

ಕೆಲವು ದೇಶಗಳಲ್ಲಿ ನಿರುದ್ಯೋಗಿಗಳು ಹೆಚ್ಚು, ಕೆಲವು ಕಡೆ ಕಡಿಮೆ, ಇದೇಕೆಂದು ಪತ್ತೆಹಚ್ಚಲು ಬಂದ ತಾವು, ತಮ್ಮ ದೇಶದಲ್ಲಿ ಕೆಲಸ ಕಳೆದುಕೊಂಡವನು ಕಚೇರಿಯಲ್ಲಿ ಹೆಸರು ಬರೆಸಿ ಸರ್ಕಾರದ ಭತ್ಯೆ ಪಡೆಯುತ್ತಾನೆಂದು ದಾರಿಯುದ್ದಕ್ಕೂ ನನಗೆ ತಿಳಿಸಿಕೊಟ್ಟಿರಿ. ಆಗ ಜನವರಿ, ಕಾಫಿ ಕೊಯ್ಲು ಭರದಿಂದ ನಡೆದಿತ್ತು. ಎಸ್ಟೇಟಿನಲ್ಲಿ ಹಣ್ಣು ಕೀಳುತ್ತಿದ್ದ ಹುಚ್ಚಮ್ಮನಿಗೆ ಕೆಲಸವಿದೆಯೇ ಎಂದು ನನ್ನಿಂದ ಕೇಳಿಸಿದಿರಿ. ಹಾಜರಿ ಹಾಕುವ ರೈಟರ್ ಪಕ್ಕದಲ್ಲೇ ನಿಂತಿದ್ದ. "ಐತೆ ಬುದ್ಧಿ, ವರ್ಷಪೂರ್ತಿ ಐತೆ," ಎಂದಳು. ತಾವು ಆನಂದದಿಂದ ಆಕೆಯ ಕೈ ಕುಲುಕಿ, ಕೊಡಗಿನಲ್ಲಿ ನಿರುದ್ಯೋಗವೇ ಇಲ್ಲ, ದುಡಿಮೆ ಇಲ್ಲಿನವರ ಹುಟ್ಟುಗುಣ ಎಂದು ವರದಿ ಬರೆದಿರಿ.

ಅಷ್ಟು ಸೊಗಸಾದ ವರದಿಯನ್ನು ನಂಬದಿರಲು ಯಾರಿಗೆ ಮನಸ್ಸು ಬಂದೀತು? ಕೆಲಸವಿಲ್ಲದವರೇ ಇಲ್ಲವೆಂದ ಮೇಲೆ ಇದೇಕೆಂದು, ಕೊಯ್ಲು ಮುಗಿದ ಕೂಲಿಯವರ ಹೊಟ್ಟೆಪಾಡಿಗಾಗಿ ಬೇಸಿಗೆಯಲ್ಲಿ ಕರಿಕೆಯ ಕಡೆ ನಡೆಯಬೇಕಿದ್ದ ರಸ್ತೆ ಕೆಲಸವನ್ನು ಮೇಲಿನವರು ಕೈಬಿಟ್ಟರು.

ಮಾರ್ಚಿನಲ್ಲಿ ಕೊಯ್ಲು ಮುಗಿಯಿತು. ಕರೆಯುವವರೆಗೆ ಬರಬೇಡಿ ಎಂದಿತು ಎಸ್ಟೇಟು. ಗುದ್ದಲಿ ಹೊತ್ತು ಕರಿಕೆಗೆ ಹೋದ ಹುಚ್ಚಮ್ಮ ಮತ್ತು ಆಕೆಯ ಗಂಡ ಮಾದ ಹಾಗೆಯೇ ಹಿಂದಿರುಗಿ ನೇರ ಶಾಲೆಗೆ ಬಂದರು.

"ಮೇಷ್ಟ್ರೇ, ಅವತ್ತು ಆ ದೊರೆಗೆ ಏನಂತ ಹೇಳಿದ್ರಿ?" ಎಂದು ಹುಚ್ಚಮ್ಮ ಕೇಳಿದಳು.

ನೀನು ಹೇಳಿದ್ದನ್ನೇ ಎಂದೆ.

"ರೈಟ್ರು ಕಿವಿ ಕೊಟ್ಕಂಡು ನಿಂತಿದ್ರಲ್ಲ. ಕೆಲ್ಸ ಸಾಲ್ದು ಅಂದಿದ್ರೆ ಮಾರ್ನೇ ದಿನ ನನ್ ಹೆಸ್ರೇ ಕೂಗ್ತಿರ್ಲಿಲ್ಲ."

ಇಬ್ಬರನ್ನೂ ಮಡಿಕೇರಿಯ ಸರ್ಕಾರಿ ಕಚೇರಿಗೆ ಕರೆದೊಯ್ದು, ನಿರುದ್ಯೋಗಿಗಳೆಂದು ಬರೆದುಕೊಳ್ಳಿರೆಂದು ಬೇಡಿದೆ. ಗುಮಾಸ್ತರೊಬ್ಬರು ಬಹಳ ಮರ್ಯಾದೆಯಿಂದ ತಾವು ಬರೆದ ವರದಿಯನ್ನು ತೋರಿಸಿ, ಅಂಥವರು ಈ ರಾಜ್ಯದಲ್ಲಿಲ್ಲ ಎಂದರು. "ನಾವು ಇಲ್ವಂತೆ, ನಡಿ," ಎಂದ ಮಾದ. ಅದೇ ವಾರ ಅವರು ಗಡಿ ದಾಟಿ ಮಲಬಾರಿಗೆ ಇಳಿದರು. ಹಿಂದೆಯೇ ಎಸ್ಟೇಟಿನ ಕೂಲಿಯವರಿದ್ದ ಲೈನುಮನೆಗಳಲ್ಲಿ ಅರ್ಧ ಖಾಲಿಯಾದವು. ತಜ್ಞರ ಮಾತು ಸುಳ್ಳಾಗಬಾರದೆಂದು ಜನ ಊರನ್ನೇ ಬಿಟ್ಟುಹೋದದ್ದು ಬೇರಾವ ದೇಶದಲ್ಲಿ ಉಂಟು?

ಮಾನ್ಯರೇ, ಕೆಲಸವಿಲ್ಲವೆಂದು ಹೇಳಿಕೊಳ್ಳುವ ಅನುಕೂಲ ತಮ್ಮ ದೇಶದವರಿಗಿದೆ, ನಮ್ಮವರಿಗಿಲ್ಲ. ಆದಕಾರಣ ಲೈನಿನಲ್ಲಿ ಉಳಿದವರನ್ನಾದರೂ ಬರುವ ಬೇಸಿಗೆಯ ಮಟ್ಟಿಗೆ ತಮ್ಮ ದೇಶದ ನಿರುದ್ಯೋಗಿಗಳಾಗಿ ನೇಮಿಸಿಕೊಳ್ಳಬೇಕೆಂದು ಕೋರುತ್ತೇನೆ. ಸುಮ್ಮನೆ ಕೂತು ಅವರಿಗೆ ಅಭ್ಯಾಸವಿಲ್ಲ, ಕಲಿಸಿದರೆ ಕಲಿಯುತ್ತಾರೆ.

ಹಣ್ಣು ಕೀಳುವವರಿಲ್ಲದೆ ಕಂಗಾಲಾದ ರೈಟರ್ ಮೊನ್ನೆ ಮಲಬಾರಿಗೇ ಹೋಗಿ ಹುಚ್ಚಮ್ಮನನ್ನು ಕರೆದ. "ಇಲ್ಲಿ ಬೇಸ್ಗೇಲೂ ಕರೀತಾರೆ ರೈಟ್ರೇ, ನಾವು ಬರಾಕಿಲ್ಲ," ಎಂದು, ಕಾಫಿ ಕೊಟ್ಟು ಕಳಿಸಿದಳಂತೆ.

ತಮ್ಮ ವಿದ್ವತ್ತಿಗೆ ತಲೆಬಾಗಿರುವ ವಿಶ್ವಾಸಿ,
ಪದ್ಮಯ್ಯ

ಮರೆತಿದ್ದೆ: ಹಣ್ಣು ಗಿಡದಲ್ಲೇ ಒಣಗುತ್ತಿದೆ. ತಮ್ಮ ದೇಶದ ನಿರುದ್ಯೋಗಿಗಳನ್ನು ಕಳಿಸಿಕೊಟ್ಟರೆ ಲೈನಿನಲ್ಲಿ ಜಾಗವಿದೆ. ಭತ್ಯೆ ಇರುವುದಿಲ್ಲ, ಕೆಲಸ ಮಾರ್ಚಿನವರೆಗೆ ಮಾತ್ರ. ಆದರೆ ಆಮೇಲೆ ಅವರನ್ನು ನಿರುದ್ಯೋಗಿಗಳೆಂದು ಇಲ್ಲಿ ಯಾರೂ ಅವಮಾನಿಸುವುದಿಲ್ಲ.