ಮಾವನ ಉಗ್ರಾಣದಿಂದ ಬಿಡುಗಡೆ

ನಮ್ಮ ಸೋದರಮಾವನಿಗೆ ಸಾಫ್ಟ್‌ವೇರ್ ಬರೆಯಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನೇ ಜಗಳಕ್ಕೆ ನಿಲ್ಲುತ್ತೇನೆ. ಬರೆಯಲು ಚೆನ್ನಾಗಿಯೇ ಬರುತ್ತದೆ. ಬರೆದದ್ದನ್ನು ಹೊರಗೆ ಬಿಡಲು ಮಾತ್ರ ಬರುವುದಿಲ್ಲ!

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಶಿರಸಿಯಲ್ಲಿ ಒಂದು ಟೈಲರ್ ಅಂಗಡಿಯ ಮೇಲಿನ ಎರಡು ಕೋಣೆಗಳೇ ಮಾವನ ಕಂಪನಿ. ಡಿಗ್ರಿ ಮುಗಿಸಿದ ನಾನು ಅಲ್ಲಿ ಸೇರಿಕೊಂಡೆ. ನಮ್ಮ ಸರಕು ಮೂರೇ ಮೂರು. ಮಂಚಿಕೇರಿಯ ಒಂದು ಗ್ರಂಥಾಲಯಕ್ಕೆ ಪುಸ್ತಕಗಳ ಲೆಕ್ಕವಿಡುವ ಸಾಫ್ಟ್‌ವೇರ್, ಕಿರವತ್ತಿಯ ಔಷಧ ಅಂಗಡಿಗೆ ಯಾವ ಮಾತ್ರೆಯ ಅವಧಿ ಯಾವಾಗ ಮುಗಿಯುತ್ತದೆಂದು ಹೇಳುವ ಸಾಫ್ಟ್‌ವೇರ್, ಮತ್ತೆ ಸಿದ್ದಾಪುರದ ಒಂದು ಹೈಸ್ಕೂಲಿಗೆ ಟೈಮ್‌ಟೇಬಲ್ ಹೊಂದಿಸಿ ಗಂಟೆ ಹೊಡೆಯುವ ಸಾಫ್ಟ್‌ವೇರ್. ಕೊನೆಯದು ನಾನೊಬ್ಬಳೇ ವರ್ಷವಿಡೀ ಕೂತು ಬರೆದದ್ದು.

ಈ ಮೂರೂ ಇರುತ್ತಿದ್ದದ್ದು ಒಂದೇ ರಿಪಾಸಿಟರಿಯಲ್ಲಿ. ಹಾಗೆಂದರೆ, ಎಲ್ಲರ ಕೋಡನ್ನೂ ಒಂದೇ ಕಡೆ ಇಟ್ಟುಕೊಂಡು, ಯಾರು ಯಾವತ್ತು ಯಾವ ಸಾಲನ್ನು ತಿದ್ದಿದರು ಎಂದು ಹೆಸರು ಸಮೇತ ಬರೆದಿಡುವ ವ್ಯವಸ್ಥೆ. ಮಾವ ಅದನ್ನು ಕರೆಯುತ್ತಿದ್ದದ್ದು ‘ಉಗ್ರಾಣ’ ಎಂದು. ಸುಮ್ಮನೆ ಕರೆದದ್ದಲ್ಲ. ನೆಂಟರಿಷ್ಟರ ಮದುವೆ, ಮುಂಜಿ ಯಾವುದೇ ಇರಲಿ, ಉಗ್ರಾಣದ ಕೀಲಿಕೈ ಮಾವನ ಸೊಂಟದಲ್ಲೇ ಇರಬೇಕು. ಅಡುಗೆಯವರು ಎರಡು ತೆಂಗಿನಕಾಯಿ ಕೇಳಿದರೆ, ಬೆಳಿಗ್ಗೆ ಒಯ್ದ ಹತ್ತು ಏನಾಯಿತು ಎಂದು ವಿಚಾರಣೆ ನಡೆಸಿ ಒಂದೂವರೆ ಕೊಡುವ ಮಹಾನುಭಾವ! ಅಂಥವರ ಕೈಗೆ ರಿಪಾಸಿಟರಿ ಸಿಕ್ಕರೆ ಗತಿಯೇನು?

ಉಗ್ರಾಣದ ಜೊತೆಗೆ ಊಟದ ನಿಯಮವೂ ಬಂತು. ಪಂಕ್ತಿಯಲ್ಲಿ ಕೂತ ಮೇಲೆ ಎಲ್ಲರದೂ ಮುಗಿಯುವ ತನಕ ಯಾರೂ ಏಳುವಂತಿಲ್ಲವಲ್ಲ, ಹಾಗೆಯೇ ಮೂರೂ ಸಾಫ್ಟ್‌ವೇರ್ ತಯಾರಾಗದೆ ಒಂದನ್ನೂ ಬಿಡುಗಡೆ ಮಾಡುವಂತಿಲ್ಲ. ಮೂರಕ್ಕೂ ಸೇರಿ ಒಂದೇ ಸಿ.ಡಿ., ಒಂದೇ ಆವೃತ್ತಿ ನಂಬರ್.

ಕಿರವತ್ತಿಯ ಔಷಧ ಅಂಗಡಿಯವರು ಒಮ್ಮೆ ಫೋನ್ ಮಾಡಿದರು.

“ಸರ, ಮೊದ್ಲ ಇಪ್ಪತ್ತೊಂಬತ್ತ್ ಅಂತ ಇತ್ತು, ಈಗ ಮೂವತ್ತ್ ಅಂತ ಬಂದೈತ್ರಿ. ಏನ್ ಬದಲ್ ಮಾಡೀರಿ?”

“ಏನೂ ಮಾಡಿಲ್ಲ,” ಎಂದರು ಮಾವ.

“ಮತ್ತ ನಂಬರ್ ಯಾಕ ಬದಲಾತ್ರಿ?”

“ಮಂಚಿಕೇರಿಯ ಗ್ರಂಥಾಲಯದ್ದು ಬದಲಾಗಿದೆ.”

ಅವರು ಫೋನ್ ಇಟ್ಟುಬಿಟ್ಟರು. ಪಾಪ, ಜ್ವರದ ಮಾತ್ರೆಗೂ ಮಂಚಿಕೇರಿಗೂ ಇರುವ ಸಂಬಂಧವನ್ನು ಹುಡುಕಲು ಹೋಗಿರಬೇಕು.

ಮುಂದಿನ ಸಲ ಅವರು ಸಿ.ಡಿ. ಹಾಕಿಕೊಳ್ಳುವಾಗ ಎಲ್ಲಿ ಏನು ಒತ್ತಿದರೋ, ನನ್ನ ಟೈಮ್‌ಟೇಬಲ್ಲೂ ಅವರ ಕಂಪ್ಯೂಟರಿಗೆ ಹೋಗಿ ಕೂತಿತು. “ನಲವತ್ತ್ ನಿಮಿಷಕ್ಕೊಮ್ಮೆ ಗಂಟಿ ಹೊಡೀತೈತ್ರಿ ಸರ. ಗಿರಾಕಿ ನಿಂತಾಗ ‘ಮುಂದಿನ ಪೀರಿಯಡ್ ಗಣಿತ’ ಅಂತ ತೋರಸ್ತೈತಿ. ಬಂದ್ ನೋಡ್ರಿ.” ಮಾವ ಹೋಗಿ ನೋಡಿ ಸರಿಮಾಡಿ ಬಂದರು. ಇನ್ನಾದರೂ ಬೇರೆ ಬೇರೆ ಸಿ.ಡಿ. ಮಾಡುತ್ತಾರೇನೋ ಎಂದುಕೊಂಡೆ. ಮಾಡಿದ್ದೇನು ಗೊತ್ತೇ? ಪ್ರತಿ ಸಿ.ಡಿ.ಯ ಮೇಲೂ ಒಂದು ಚೀಟಿ: ‘ನಿಮ್ಮದಲ್ಲದ್ದನ್ನು ಮುಟ್ಟಬೇಡಿ.’

ಇದನ್ನೆಲ್ಲ ನಗುತ್ತ ಸಹಿಸಿಕೊಂಡಿದ್ದೆ, ನನ್ನ ಬುಡಕ್ಕೇ ಬರುವ ತನಕ. ಮೇ ತಿಂಗಳು ಮುಗಿಯುತ್ತ ಬಂದಿತ್ತು. ಹಳೆಯ ಸಿ.ಡಿ.ಯ ಒಂದು ತಪ್ಪಿನಿಂದಾಗಿ ಹಿಂದಿನ ವರ್ಷ ಸಿದ್ದಾಪುರದ ಶಾಲೆಯಲ್ಲಿ ಒಂದೇ ತರಗತಿಗೆ ಇಬ್ಬರು ಮಾಸ್ತರರು ಒಟ್ಟಿಗೆ ಹೋಗಿ ನಿಂತಿದ್ದರು. ಆ ತಪ್ಪನ್ನು ನಾನು ಸರಿಮಾಡಿ ಎರಡು ತಿಂಗಳಾಗಿತ್ತು. ಹೆಡ್‌ಮಾಸ್ತರರು ಖಡಾಖಂಡಿತ ಹೇಳಿಬಿಟ್ಟರು, ಶಾಲೆ ಶುರುವಾಗುವ ದಿನಕ್ಕೆ ಹೊಸದು ಬಾರದಿದ್ದರೆ ನಿಮ್ಮ ಸಾಫ್ಟ್‌ವೇರೇ ಬೇಡ, ಪೆನ್ಸಿಲ್ ರಬ್ಬರ್ ಸಾಕು ಎಂದು. ನನ್ನ ವರ್ಷದ ದುಡಿಮೆ ಒಂದು ರಬ್ಬರಿನ ಎದುರು ಸೋಲುವುದರಲ್ಲಿತ್ತು.

“ಮಾವ, ಯನ್ನ ಟೈಮ್‌ಟೇಬಲ್ ತಯಾರಾಜು. ಅದೊಂದನ್ನೇ ಬಿಡಲೆ ಆಗ್ತಿಲ್ಯ?”

“ಎಲ್ಲರದ್ದೂ ಮುಗಿಯದ್ದೇ ಒಬ್ಬ ಎದ್ಕಂಡು ಹೋಪದು ಮರ್ಯಾದೆಯನೇ ಕೂಸೆ?”

“ಯಾರದ್ದು ಮುಗಿದ್ದಿಲ್ಲೆ?”

“ಲೈಬ್ರರಿದು.”

“ಇದು ಊಟ ಅಲ್ದ ಮಾವ, ಸಾಫ್ಟ್‌ವೇರು.”

“ಎರಡೂ ಬಡಸೂದೇ ಅಲ್ದ?” ಎಂದು ಹೇಳಿ ಮಾವ ಎಲೆ-ಅಡಿಕೆಯ ಕವಳ ಹಾಕಿದರು. ಬಾಯಲ್ಲಿ ಕವಳವಿದ್ದರೆ ಮಾತಾಡುವಂತಿಲ್ಲವಲ್ಲ, ಎಂಥ ಅನುಕೂಲ!

ಲೈಬ್ರರಿಯದನ್ನು ಬರೆಯುತ್ತಿದ್ದವರು ಮಾವನ ಹಳೆಯ ಪಾಲುದಾರರು. ನಾನು ಸೇರುವ ಮೊದಲೇ ಅವರು ನಿಲ್ಕುಂದದ ತಮ್ಮ ಮನೆ ಸೇರಿದ್ದರು. ‘ಆರೋಗ್ಯ ಸರಿ ಇಲ್ಲೆ’ ಎಂದಷ್ಟೇ ಮಾವ ಹೇಳಿದ್ದರು. ಪ್ರತಿ ಭಾನುವಾರ ಮಾವ ಸ್ಕೂಟರಿನಲ್ಲಿ ಉಗ್ರಾಣದ ನಕಲನ್ನು ಪೆನ್‌ಡ್ರೈವಿನಲ್ಲಿ ಅಲ್ಲಿಗೆ ಒಯ್ದು ಕೊಟ್ಟು, ಅವರು ಬರೆದದ್ದನ್ನು ಅದರಲ್ಲೇ ತಂದು ಉಗ್ರಾಣಕ್ಕೆ ಸೇರಿಸುತ್ತಿದ್ದರು. ಸಿಟ್ಟಿನಲ್ಲಿ ದಾಖಲೆ ತೆಗೆದು ನೋಡಿದೆ. ಎಂಟು ವಾರಗಳಿಂದ ಅವರ ಹೆಸರಿನಲ್ಲಿ ವಾರಕ್ಕೆ ಎರಡೇ ಸಾಲು! ಅವು ಏನೆಂದು ಓದುವಷ್ಟು ತಾಳ್ಮೆ ನನಗಿರಲಿಲ್ಲ. ವಾರಕ್ಕೆ ಎರಡು ಸಾಲನ್ನು ನಮ್ಮ ಆಯಿ ಕೂಡ ಬರೆಯಬಲ್ಲಳು, ಆಕೆಗೆ ಕಂಪ್ಯೂಟರಿನ ಬುಡ ತಲೆ ಗೊತ್ತಿಲ್ಲ. ಈ ಸೋಮಾರಿಗೆ ಎದುರೆದುರೇ ನಾಲ್ಕು ಮಾತು ಹೇಳಿಯೇ ಸಿದ್ಧ ಎಂದು, ಶಾಲೆ ಶುರುವಾಗುವ ಹಿಂದಿನ ಭಾನುವಾರ ನಾನೂ ಸ್ಕೂಟರ್ ಹತ್ತಿದೆ. ಮಾವ ಬೇಡ ಎನ್ನಲಿಲ್ಲ. ದಾರಿಯುದ್ದಕ್ಕೂ ಆ ನಾಲ್ಕು ಮಾತನ್ನು ಹತ್ತು ಮಾಡಿಕೊಂಡು ಹೋದೆ.

ಅವರು ಕಿಟಕಿಯ ಪಕ್ಕ ಕಂಪ್ಯೂಟರಿನ ಎದುರು ಕೂತಿದ್ದರು. ಬಲಗೈ ತೊಡೆಯ ಮೇಲೆ ಅಲುಗಾಡದೆ ಬಿದ್ದಿತ್ತು. ಎಡಗೈಯ ಒಂದು ಬೆರಳು ಕೀಬೋರ್ಡಿನ ಮೇಲೆ ಅಕ್ಷರ ಹುಡುಕುತ್ತಿತ್ತು. ಲಕ್ವ ಹೊಡೆದು ಮೂರು ವರ್ಷವಾಯಿತು ಎಂದು ಅವರ ಹೆಂಡತಿ ಹೇಳಿದರು. ನನ್ನ ಹತ್ತು ಮಾತನ್ನೂ ನುಂಗಿಕೊಂಡು ಕೈಮುಗಿದೆ.

“ಬಾ ಕೂಸೆ,” ಎಂದರು ಅವರು, ಒಂದೊಂದೇ ಪದವನ್ನು ಎತ್ತಿ ಇಡುತ್ತ. “ಟೈಮ್‌ಟೇಬಲ್ ನಿಂದೇ ಅಲ್ದ? ಆನು ಪೂರ್ತಿ ಓದಿದ್ದಿ. ಚೊಲೋ ಬರದ್ದೆ.” ಆಮೇಲೆ ಮಾವನ ಕಡೆ ತಿರುಗಿದರು. “ಇನ್ನೂ ಬಿಟ್ಟಿದ್ದಿಲ್ಯ? ಈ ಕೂಸಿಂದನ್ನ ಬೇರೆ ತೆಗೆದು ಕಳ್ಸಲೆ ಬಪ್ಪ ಹಂಗೆ ಬರದು ಕೊಟ್ಟಾಜಲ, ಆ ಪ್ರೋಗ್ರಾಮ್ ಎಂತಕ್ಕೆ ನಡಸಿದ್ದಿಲ್ಲೆ?”

ಎಂಟು ವಾರ, ವಾರಕ್ಕೆ ಎರಡು ಸಾಲು. ಅವರು ಲೈಬ್ರರಿಯದನ್ನು ಬದಿಗಿಟ್ಟು ಆ ಒಂದು ಬೆರಳಿನಲ್ಲಿ ಬರೆದದ್ದು ನನ್ನ ಕೆಲಸ ತಾನೊಂದೇ ಹೊರಗೆ ಹೋಗುವ ದಾರಿಯನ್ನು. ನನಗೆ ಎಷ್ಟು ನಾಚಿಕೆಯಾಯಿತೆಂದರೆ ನೆಲ ನೋಡುತ್ತ ನಿಂತೆ.

ಮಾವ ಕಿಟಕಿಯ ಹೊರಗೆ ನೋಡುತ್ತಿದ್ದರು. “ಅದನ್ನ ನಡಸಿದ್ರೆ ಎಲ್ಲರೂ ಎದ್ಕಂಡು ಹೋಗ್ತ. ನೀ ಒಬ್ನೇ ಕೂತಿರವು.”

“ಕೂರ್ತಿ ಮಾರಾಯ. ಕೂರದು ಬಿಟ್ಟು ಯಂಗೆ ಬೇರೆ ಎಂತ ಬತ್ತು? ಮಕ್ಕಳ ಶಾಲೆ ಎಂತಕ್ಕೆ ಕಾಯವು?”

ಮಾವ ಕಿಸೆಯಿಂದ ಪೆನ್‌ಡ್ರೈವ್ ತೆಗೆದು ಅವರ ಕಂಪ್ಯೂಟರಿಗೆ ಚುಚ್ಚಿದರು. ಕೊನೆಯ ಕೀಲಿಯನ್ನು ಒತ್ತುವ ಹೊತ್ತಿಗೆ ಕೈ ಹಿಂದೆ ತೆಗೆದುಕೊಂಡು, “ನೀನೇ ಒತ್ತು,” ಎಂದು ಪಾಲುದಾರರಿಗೆ ಹೇಳಿದರು. ಅವರು ಆ ಒಂದು ಬೆರಳಿನಿಂದ ಒತ್ತಿದರು, ನನ್ನದೊಂದೇ ಪೆನ್‌ಡ್ರೈವಿಗೆ ಇಳಿಯಿತು. ಮರುದಿನ ಬೆಳಗಿನ ಬಸ್ಸಿನಲ್ಲಿ ನಾನೇ ಸಿ.ಡಿ. ಹಿಡಿದು ಸಿದ್ದಾಪುರಕ್ಕೆ ಹೋದೆ. ಆ ವರ್ಷ ಯಾವ ತರಗತಿಗೂ ಇಬ್ಬರು ಮಾಸ್ತರರು ಹೋಗಲಿಲ್ಲ.

ದಸರಾ ರಜೆಯ ಹೊತ್ತಿಗೆ ನನ್ನದು ಇನ್ನಷ್ಟು ಸುಧಾರಿಸಿ ಮತ್ತೆ ತಯಾರಾಯಿತು. “ನಿಂದು ಬಿಡಲಕ್ಕು. ದಾರಿ ಇದ್ದಲ,” ಎಂದು ಮಾವ ತಾವಾಗಿಯೇ ಹೇಳಿದರು. ಲೈಬ್ರರಿಯ ದಾಖಲೆಯಲ್ಲಿ ಆ ವಾರವೂ ಎರಡು ಸಾಲು ಸೇರಿದ್ದವು, ಇನ್ನೂ ಹತ್ತಿಪ್ಪತ್ತು ಬಾಕಿಯಿದ್ದವು. ಅಷ್ಟರಲ್ಲಿ ಹೆಡ್‌ಮಾಸ್ತರರ ಫೋನ್ ಬಂತು, ಹೊಸದು ಯಾವಾಗ ಕೊಡುತ್ತೀರಿ ಎಂದು.

“ಅವಸರ ಇಲ್ಲದಿದ್ದರೆ ಸ್ವಲ್ಪ ಕಾಯಿರಿ ಸರ್,” ಎಂದೆ. “ಇಲ್ಲಿ ಇನ್ನೂ ಒಬ್ಬರದು ಮುಗಿದಿಲ್ಲ.”