ಅಲ್ಲಪ್ಪನ ವಿಮಾನದ ನಡುಕ

ಯಮಕನಮರಡಿಯ ಅಲ್ಲಪ್ಪನ ವಿಮಾನಕ್ಕೆ ಒಂದೇ ಒಂದು ರೋಗವಿತ್ತು. ಎಂಜಿನ್ ಜೋರಾಗಿ ಓಡಿದರೆ ತೆಪ್ಪಗಿರುತ್ತಿತ್ತು, ನಿಧಾನ ಮಾಡಿದರೆ ಮಲೇರಿಯಾ ಹಿಡಿದವರಂತೆ ಗಡಗಡ ನಡುಗುತ್ತಿತ್ತು.

ಯುದ್ಧದ ಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಈ ಪುಣ್ಯಾತ್ಮ, ಗುಜರಿಯ ಎಂಜಿನ್ನಿಗೆ ಬಿದಿರು, ಬಟ್ಟೆ ಕಟ್ಟಿ ನಾಲ್ಕು ವರ್ಷ ಬೆವರು ಸುರಿಸಿದ್ದ. ಪಂಖದ ಜೊತೆ ಸಿಲಿಂಡರುಗಳೂ ಗಿರಗಿರ ತಿರುಗುವ ಹಳೆಯ ಜಾತಿಯ ಎಂಜಿನ್ ಅದು. ಇವತ್ತು ನಾಲ್ಕು ಗಂಟೆಗೆ ಬೆಳಗಾವಿಯಿಂದ ತಪಾಸಣೆಯ ಸಾಹೇಬರು ಬರುವವರಿದ್ದರು. ನಿಧಾನ ಓಟದಲ್ಲಿ ವಿಮಾನದ ಮೇಲಿಟ್ಟ ಚಹಾದ ಕಪ್ಪು ತುಳುಕದಿದ್ದರೆ ಹಾರಲು ಪರವಾನಗಿ, ತುಳುಕಿದರೆ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಮದ್ದು ಸಿಕ್ಕಿತು. ಒಂದು ಸಿಲಿಂಡರಿನ ಕಡೆ ತೂಕ ಕಡಿಮೆಯಿತ್ತು. ಅಲ್ಲಪ್ಪ ಅಲ್ಲಿಗೆ ಒಂದು ಸೀಸದ ತುಂಡು ಬಿಗಿದು, ಎಂಜಿನ್ ನಿಧಾನ ಮಾಡಿ, ಚಹಾ ಇಟ್ಟು ನೋಡಿದ. ಒಂದು ಹನಿಯೂ ಚೆಲ್ಲಲಿಲ್ಲ. ಸಂತೋಷಕ್ಕೆ ಅವನ ಕಣ್ಣು ತುಂಬಿ ಬಂತು.

"ಶೆಟ್ಟೆಪ್ಪ ಕಾಕಾ, ಜಳಕಾ ಮಾಡಿ ಕೋಟು ಹಾಕ್ಕೊಂಡು ಬರ್ತೇನಿ. ಸ್ವಲ್ಪ ನೋಡ್ಕೋರಿ," ಎಂದು ಬಾಜೂ ಮನೆಯ ಮುದುಕನಿಗೆ ಹೇಳಿ ಹೋದ.

ವಿಮಾನ ನಿಂತದ್ದು ಊರಿನ ಕಣದ ಮೂಲೆಯಲ್ಲಿ. ರಾಶಿಯ ಕಾಲ, ಆದರೆ ಹತ್ತು ದಿನದಿಂದ ತೂರಲು ಗಾಳಿಯೇ ಇಲ್ಲ. ಅಲ್ಲಪ್ಪ ಎಂಜಿನ್ ಶುರು ಮಾಡಿದಾಗಲೆಲ್ಲ ಕಣದಲ್ಲಿ ರಾಶಿ ಮಾಡುತ್ತಿದ್ದ ಸೀತವ್ವ ವಿಮಾನದ ಬಾಲಕ್ಕೆ ಸಾಣಿಗೆ ಕಟ್ಟಿ ಜೋಳ ಸುರಿಯುತ್ತಿದ್ದಳು. ನಡುಕಕ್ಕೆ ಕಾಳು ಉದುರುತ್ತಿತ್ತು, ಪಂಖದ ಗಾಳಿಗೆ ಹೊಟ್ಟು ಹಾರುತ್ತಿತ್ತು. ಶೆಟ್ಟೆಪ್ಪ ನೋಡಿ ನೋಡಿ ಎಂಜಿನ್ ಶುರು ಮಾಡುವುದನ್ನು ಕಲಿತಿದ್ದ. ಈಗಲೂ ಮಾಡಿದ.

"ಕಾಕಾ, ಸಾಣಿಗಿ ಅಲ್ಲಾಡವಲ್ದಲ್ರಿ! ಎಂಜಿನ್ ಕೆಟ್ಟೈತಿ!" ಎಂದಳು ಸೀತವ್ವ.

ಎಂಜಿನ್ ನಿಲ್ಲಿಸಿ ಇಬ್ಬರೂ ಸುತ್ತಲೂ ನೋಡಿದರು.

"ಇಲ್ನೋಡವಾ, ಗಂಟು ಬಂದೈತಿ," ಎಂದು ಶೆಟ್ಟೆಪ್ಪ ಪಾನಾ ಹಿಡಿದು ಸೀಸದ ತುಂಡು ಬಿಚ್ಚಿಯೇ ಬಿಟ್ಟ.

ನಾಲ್ಕಕ್ಕೆ ಸಾಹೇಬರು ಬಂದರು. ಕೋಟು ಹಾಕಿದ ಅಲ್ಲಪ್ಪ ಎದೆಯುಬ್ಬಿಸಿ ಎಂಜಿನ್ ಶುರು ಮಾಡಿ, ಮೆಲ್ಲಗೆ ನಿಧಾನ ಮಾಡಿದ. ಮೇಲಿಟ್ಟ ಚಹಾದ ಕಪ್ಪು ಕುಣಿದು ಕುಣಿದು ಸಾಹೇಬರ ಪ್ಯಾಂಟಿನ ಮೇಲೆ ಬಿತ್ತು.

ಸಾಹೇಬರು ಪ್ಯಾಂಟು ಒರೆಸಿಕೊಳ್ಳುತ್ತ ಬಾಲದ ಕಡೆ ತಿರುಗಿದವರು ಅಲ್ಲೇ ನಿಂತರು. ಸೀತವ್ವನ ಸಾಣಿಗೆಯಿಂದ ಮುತ್ತಿನಂಥ ಜೋಳ ರಾಶಿ ಬೀಳುತ್ತಿತ್ತು.

"ತಾಸಿಗೆ ಎಷ್ಟು ಚೀಲ ಆಗತೈತಿ ತಂಗಿ?" ಎಂದು ಕೇಳಿದರು.

"ಆರು ಚೀಲ್ರಿ. ಮಧ್ಯಾಹ್ನ ಕೆಟ್ಟಿತ್ತ್ರಿ, ನಾವ ರಿಪೇರಿ ಮಾಡೇವಿ," ಎಂದು ಸೀತವ್ವ ಸೀಸದ ತುಂಡನ್ನು ಅಲ್ಲಪ್ಪನ ಕೈಯಲ್ಲಿಟ್ಟಳು. ಅವನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಅಷ್ಟರಲ್ಲಿ ಸಾಹೇಬರು ಏನೋ ಬರೆದು ಸಹಿ ಹಾಕಿ ಕಾಗದ ಕೊಟ್ಟರು. ಅಲ್ಲಪ್ಪ ಬಿಡಿಸಿ ಓದಿದ: "ಹಾರಾಟಕ್ಕೆ ಅಯೋಗ್ಯ. ಜೋಳ ತೂರಲು ಅತ್ಯುತ್ತಮ. ನಡುಕವನ್ನು ಕಡಿಮೆ ಮಾಡಕೂಡದು."

"ಸೋಮವಾರ ಅರಭಾವಿಯೊಳಗ ನಮ್ಮ ಹೊಲದ ರಾಶಿ ಐತ್ರಿ. ಕಳಿಸಿಕೊಡ್ರಿ," ಎಂದರು ಸಾಹೇಬರು.

ಹೀಗೆ ನಾಲ್ಕು ವರ್ಷದ ಮೇಲೆ, ಸೋಮವಾರ ಬೆಳಿಗ್ಗೆ, ಅಲ್ಲಪ್ಪನ ವಿಮಾನ ಮೊದಲ ಸಲ ನೆಲ ಬಿಟ್ಟಿತು. ಆರು ಜನ ಎತ್ತಿ ಅದನ್ನು ಶೆಟ್ಟೆಪ್ಪನ ಚಕ್ಕಡಿ ಗಾಡಿಯ ಮೇಲೆ ಇಟ್ಟರು.